ಹದಿನಾರು ಮನೆಗಳ ಲೆಕ್ಕ

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಒಂದು ಮನೆಗೆ ಮಗು ನೋಡಲು ಹೋಗಿದ್ದೆ. ನಾಲ್ಕನೆಯ ಹೆರಿಗೆ. ಮೊದಲ ಮೂರೂ ಹೆಣ್ಣು, ಇದೂ ಹೆಣ್ಣು. ಮಗು ಗುಂಡುಗುಂಡಾಗಿ, ಮುಷ್ಟಿ ಬಿಗಿದುಕೊಂಡು ಮಲಗಿತ್ತು. ಬಂದ ಹೆಂಗಸರು ಅದರ ಮೂಗು, ಕೂದಲು ಎಲ್ಲವನ್ನೂ ಹೊಗಳಿದರು. ಆದರೆ ಎದ್ದು ಹೊರಡುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಇದೂ ಹೆಣ್ಣಾಯಿತಲ್ಲ!" ಒಬ್ಬರಂತೂ ಬಾಣಂತಿಯ ತವರಿನ ಕಡೆಗೇ ಹೋದರು. "ಅವಳ ಅಕ್ಕನಿಗೂ ಮೂರು ಹೆಣ್ಣೇ ಅಲ್ಲವೇ? ಆ ಕಡೆಯದ್ದೇ ಹಾಗೆ" ಎಂದರು. ಬಾಣಂತಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಜನ ಕಡಿಮೆಯಾದ ಮೇಲೆ ಅವಳ ಅತ್ತೆ ನನ್ನ ಪಕ್ಕ ಬಂದು ಕುಳಿತರು. ಕೆಟ್ಟವರಲ್ಲ, ಮೂರು ಮೊಮ್ಮಕ್ಕಳನ್ನೂ ಎತ್ತಿ ಆಡಿಸಿದವರು. "ಟೀಚರೇ, ನೀವು ಮಕ್ಕಳಿಗೆ ಲೆಕ್ಕ ಕಲಿಸುವವರು. ನಾಲ್ಕಕ್ಕೆ ನಾಲ್ಕೂ ಹೆಣ್ಣಾಗುವುದು ಎಲ್ಲಾದರೂ ಉಂಟೇ? ಎರಡು ಗಂಡು ಎರಡು ಹೆಣ್ಣು ಬರಬೇಕಿತ್ತಲ್ಲ?" ಎಂದು ಕೇಳಿದರು.

ಗಣಿತ ನನ್ನ ಪದವಿಯ ವಿಷಯವಲ್ಲ. ನಾನು ಮೊದಲು ಓದಿದ್ದು ಮದ್ರಸದಲ್ಲಿ, ಬಿ.ಎ. ಮಾಡಿದ್ದು ಆಮೇಲೆ. ಶಾಲೆಯಲ್ಲಿ ಗಣಿತದ ಟೀಚರು ದೀರ್ಘ ರಜೆ ಹಾಕಿದ ಒಂದು ವರ್ಷ ಪಾಠ ನನ್ನ ಮೇಲೆ ಬಿತ್ತು. ಮಕ್ಕಳಿಗಿಂತ ಒಂದು ದಿನ ಮುಂಚೆ ಕಲಿತು ಮರುದಿನ ಕಲಿಸುತ್ತಿದ್ದೆ. ಹಾಗೆ ಕಲಿತ ಒಂದು ಕೋಷ್ಟಕ ಆ ಹೊತ್ತಿಗೆ ನೆನಪಾಯಿತು. ಗೋಡೆಯ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಹೀಗೆ ಬರೆದೆ:

1
1 1
1 2 1
1 3 3 1
1 4 6 4 1

ಬರೆಯುವ ಕ್ರಮ ತುಂಬ ಸುಲಭ. ಪ್ರತಿ ಸಾಲಿನ ಎರಡು ತುದಿಗೂ 1. ನಡುವಿನ ಅಂಕಿ ಬೇಕಿದ್ದರೆ ಮೇಲಿನ ಸಾಲಿನಲ್ಲಿ ಅಕ್ಕಪಕ್ಕದ ಎರಡು ಅಂಕಿಗಳನ್ನು ಕೂಡಿಸಿ. 1 ಮತ್ತು 3 ಕೂಡಿ 4, 3 ಮತ್ತು 3 ಕೂಡಿ 6. ಹೈಸ್ಕೂಲಿನಲ್ಲಿ (ಎ+ಬಿ)ಯ ವರ್ಗವನ್ನು ಎ ವರ್ಗ, 2 ಎಬಿ, ಬಿ ವರ್ಗ ಎಂದು ಬಾಯಿಪಾಠ ಮಾಡಿದ್ದು ನಿಮಗೆ ನೆನಪಿರಬಹುದು. ಅಲ್ಲಿನ 1, 2, 1 ಇದೇ ಮೂರನೆಯ ಸಾಲು. ಘನಕ್ಕೆ ಹೋದರೆ 1, 3, 3, 1. ಪಿಯುಸಿಯಲ್ಲಿ ಇದಕ್ಕೆ ದ್ವಿಪದ ವಿಸ್ತರಣೆ ಎಂಬ ದೊಡ್ಡ ಹೆಸರು ಸಿಗುತ್ತದೆ. ಆ ಹೆಸರಿಗೆ ಹೆದರಿ ಗಣಿತ ಬಿಟ್ಟವರು ಎಷ್ಟೋ ಮಂದಿ.

ಈಗ ನಾಲ್ಕು ಮಕ್ಕಳ ಮನೆಗೆ ಬನ್ನಿ. ಪ್ರತಿ ಹೆರಿಗೆಯಲ್ಲೂ ಹೆಣ್ಣೋ ಗಂಡೋ, ಎರಡೇ ದಾರಿ. ನಾಲ್ಕು ಹೆರಿಗೆಗೆ ಎರಡನ್ನು ನಾಲ್ಕು ಸಲ ಗುಣಿಸಿದರೆ 16 ದಾರಿಗಳು. ಕೊನೆಯ ಸಾಲನ್ನು ಕೂಡಿಸಿ ನೋಡಿ, ಅದೂ 16. ಈ ಹದಿನಾರರಲ್ಲಿ ನಾಲ್ಕೂ ಗಂಡಾಗುವುದು 1 ದಾರಿ, ಮೂರು ಗಂಡು ಒಂದು ಹೆಣ್ಣು 4 ದಾರಿ, ಎರಡೆರಡು 6 ದಾರಿ, ಒಂದು ಗಂಡು ಮೂರು ಹೆಣ್ಣು 4 ದಾರಿ, ನಾಲ್ಕೂ ಹೆಣ್ಣು 1 ದಾರಿ. ಎರಡೆರಡಕ್ಕೆ ಆರು ಹೇಗೆ ಬಂತು? ಇಬ್ಬರು ಗಂಡುಮಕ್ಕಳು ಮೊದಲನೆಯವರೂ ಎರಡನೆಯವರೂ ಆಗಿರಬಹುದು, ಇಲ್ಲವೇ 1 ಮತ್ತು 3, 1 ಮತ್ತು 4, 2 ಮತ್ತು 3, 2 ಮತ್ತು 4, 3 ಮತ್ತು 4. ಅಷ್ಟೇ, ಏಳನೆಯ ದಾರಿ ಇಲ್ಲ.

ಅಂದರೆ ನಾಲ್ಕು ಮಕ್ಕಳಿರುವ ಮನೆಗಳನ್ನು ರಾಶಿರಾಶಿಯಾಗಿ ತೆಗೆದುಕೊಂಡರೆ, ಹದಿನಾರು ಮನೆಗೆ ಒಂದರಂತೆ ನಾಲ್ಕೂ ಹೆಣ್ಣಿರುವ ಮನೆ ಸಿಗುತ್ತದೆ. ನಾಲ್ಕೂ ಗಂಡಿರುವ ಮನೆಯೂ ಅಷ್ಟೇ. ಆ ಮನೆಯ ಬಗ್ಗೆ ಮಾತ್ರ ಯಾರೂ "ಆ ಕಡೆಯದ್ದೇ ಹಾಗೆ" ಎನ್ನುವುದಿಲ್ಲ! ಇನ್ನೂ ಒಂದು ವಿಷಯ. ಎಲ್ಲರೂ ಸಹಜ ಎಂದುಕೊಂಡಿರುವ "ಎರಡು ಗಂಡು ಎರಡು ಹೆಣ್ಣು" ಹದಿನಾರರಲ್ಲಿ ಆರು ಮನೆಗೆ ಮಾತ್ರ. ಮೂರಕ್ಕೆ ಒಂದು ಎನ್ನುವ ಮನೆಗಳು ಎಂಟು. ಸರಿಸಮ ಹಂಚಿಕೆಗಿಂತ ಏರುಪೇರೇ ಹೆಚ್ಚು ಮನೆಗಳ ಪಾಲು. (ಜಗತ್ತಿನಲ್ಲಿ ಸಾಮಾನ್ಯವಾಗಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಹಾಗಾಗಿ ಲೆಕ್ಕ ಕೂದಲೆಳೆಯಷ್ಟು ಆಚೀಚೆಯಾಗುತ್ತದೆ, ಅದರ ಆಕಾರ ಬದಲಾಗುವುದಿಲ್ಲ.)

ರೇಷ್ಮೆಯ ಕುಚ್ಚು

ಈ ಕೋಷ್ಟಕವನ್ನು ಪುಸ್ತಕಗಳು ಪಾಸ್ಕಲನ ತ್ರಿಭುಜ ಎನ್ನುತ್ತವೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಇದರ ಮೇಲೆ ಒಂದು ಗ್ರಂಥ ಬರೆದ. ಅದು ಅಚ್ಚಾದದ್ದು 1665ರಲ್ಲಿ, ಅವನು ತೀರಿಕೊಂಡ ಮೇಲೆ. 1654ರಲ್ಲಿ ಅವನು ಫರ್ಮಾ ಎಂಬ ಗಣಿತಜ್ಞನೊಡನೆ ನಡೆಸಿದ ಪತ್ರವ್ಯವಹಾರದಲ್ಲಿ ಚರ್ಚೆಯಾದದ್ದು ಅರ್ಧಕ್ಕೆ ನಿಂತ ಜೂಜಿನ ಹಣವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂಬ ಪ್ರಶ್ನೆ! ಜೂಜು ನಮಗೆ ನಿಷಿದ್ಧ. ಆದರೆ ಆ ಪತ್ರಗಳಿಂದ ಬೆಳೆದ ಲೆಕ್ಕ ಇಂದು ಆಸ್ಪತ್ರೆಗಳಿಗೆ ಬೇಕಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಪಾಸ್ಕಲನಿಗಿಂತ ಆರು ಶತಮಾನಕ್ಕೂ ಹಿಂದೆ, ಕ್ರಿ.ಶ. 1000ದ ಆಸುಪಾಸಿನಲ್ಲಿ, ಬಗ್ದಾದಿನಲ್ಲಿದ್ದ ಅಲ್ ಕರಜಿ ಈ ಅಂಕಿಗಳನ್ನು ಕಂಡುಕೊಂಡಿದ್ದರು. ಅವರ ಬರಹ ಉಳಿದಿಲ್ಲ. 12ನೇ ಶತಮಾನದಲ್ಲಿ ಅಸ್ಸಮವ್‌ಅಲ್ ತಮ್ಮ 'ಅಲ್ ಬಾಹಿರ್' ಗ್ರಂಥದಲ್ಲಿ ಅಲ್ ಕರಜಿಯವರ ಹೆಸರು ಹೇಳಿ, ಹನ್ನೆರಡನೇ ಘಾತದವರೆಗಿನ ಕೋಷ್ಟಕವನ್ನು ಬರೆದಿಟ್ಟರು. ಆ ಗ್ರಂಥ ಬರೆದಾಗ ಅವರ ವಯಸ್ಸು 19 ಎಂದರೆ ನಮ್ಮ ಪದವಿ ತರಗತಿಯ ಮಕ್ಕಳು ನಂಬುವುದಿಲ್ಲ. ಕವಿ ಎಂದು ಎಲ್ಲರೂ ಬಲ್ಲ ಉಮರ್ ಖಯ್ಯಾಮ್ ದೊಡ್ಡ ಗಣಿತಜ್ಞರೂ ಆಗಿದ್ದರು. ಇರಾನಿನಲ್ಲಿ ಇಂದಿಗೂ ಇದು ಖಯ್ಯಾಮರ ತ್ರಿಭುಜ.

ಆದರೆ ನನಗೆ ಹೆಚ್ಚು ಇಷ್ಟವಾದವರು ಮರಾಕಿಶ್ ನಗರದ ಇಬ್ನ್ ಮುನ್‌ಇಮ್. 1228ರಲ್ಲಿ ತೀರಿಕೊಂಡ ಅವರು 'ಫಿಖ್‌ಹುಲ್ ಹಿಸಾಬ್' ಎಂಬ ಗ್ರಂಥದಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ: ಹತ್ತು ಬಣ್ಣದ ರೇಷ್ಮೆ ನೂಲು ಇದೆ, ಅದರಿಂದ ಎಷ್ಟು ಬಗೆಯ ಕುಚ್ಚು ಕಟ್ಟಬಹುದು? ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ನಾಲ್ಕು ಕಾಸು ಸಂಪಾದಿಸುವ ನಮ್ಮ ಸಹೋದರಿಯರು ಈ ಪ್ರಶ್ನೆಯನ್ನು ದಿನವೂ ಎದುರಿಸುತ್ತಾರೆ. ಎರಡು ಬಣ್ಣದ ಕುಚ್ಚು 45 ಬಗೆ, ಮೂರು ಬಣ್ಣದ್ದು 120, ಐದು ಬಣ್ಣದ್ದು 252. ಒಂದರಿಂದ ಹತ್ತು ಬಣ್ಣದವರೆಗೆ ಎಲ್ಲ ಸೇರಿ 1023. ತ್ರಿಭುಜವನ್ನು ಹತ್ತನೇ ಘಾತದವರೆಗೆ ಬರೆದರೆ ಇವೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ.

ಮೇಲಿನ ಎರಡು ಅಂಕಿಗಳನ್ನು ಏಕೆ ಕೂಡಿಸಬೇಕು ಎಂಬುದು ಕುಚ್ಚಿನಲ್ಲೇ ಸ್ಪಷ್ಟವಾಗುತ್ತದೆ. ನಿಮ್ಮ ಬಳಿ ಮೂರು ಬಣ್ಣ ಇತ್ತು, ನಾಲ್ಕನೆಯದಾಗಿ ಹಸಿರು ಬಂತು ಎನ್ನಿ. ಈಗ ಎರಡು ಬಣ್ಣದ ಕುಚ್ಚುಗಳು ಎರಡೇ ವಿಧ: ಹಸಿರು ಇಲ್ಲದವು, ಹಸಿರು ಇರುವವು. ಹಸಿರು ಇಲ್ಲದವು ಹಳೆಯ ಮೂರು ಬಣ್ಣಗಳಿಂದ ಎರಡನ್ನು ಆರಿಸಿದವು, ಅಂದರೆ 3. ಹಸಿರು ಇರುವವಕ್ಕೆ ಹಳೆಯದರಿಂದ ಒಂದೇ ಬಣ್ಣ ಸಾಕು, ಅದೂ 3. ಕೂಡಿದರೆ 6.

ಮದ್ರಸದಲ್ಲಿ ಸರ್ಫ್ ಕಲಿತವರಿಗೆ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿ ಪದ ಕಟ್ಟುವುದು ಗೊತ್ತು. ಎಂಟನೇ ಶತಮಾನದಲ್ಲಿ ಬಸರಾದ ಖಲೀಲ್ ಇಬ್ನ್ ಅಹ್ಮದ್ ಅರಬಿ ನಿಘಂಟು ರಚಿಸಲು ಹೊರಟಾಗ ಹಿಡಿದದ್ದು ಇದೇ ದಾರಿಯನ್ನು. 28 ಅಕ್ಷರಗಳಲ್ಲಿ ಎರಡೆರಡರ ಜೋಡಿ 378, ಪ್ರತಿ ಜೋಡಿಯನ್ನು ಎರಡು ರೀತಿಯಲ್ಲಿ ಬರೆದರೆ 756 ಪದಗಳು. ಉಸ್ತಾದರು ಈ ಲೆಕ್ಕವನ್ನೂ ಹೇಳಿಕೊಟ್ಟಿದ್ದರೆ ಗಣಿತಕ್ಕೆ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ.

ನಮ್ಮ ನೆಲದಲ್ಲೂ ಇದಕ್ಕೆ ಹಳೆಯ ಬೇರುಗಳಿವೆ. ಪಿಂಗಳನ ಛಂದಸ್ಸಿನ ಗ್ರಂಥಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಈ ಕೋಷ್ಟಕವನ್ನು ಮೇರು ಪ್ರಸ್ತಾರ ಎಂದು ವಿವರಿಸಿದ್ದಾನೆ. ಲಘು, ಗುರು ಎಂದು ಕನ್ನಡ ಪಾಠದಲ್ಲಿ ಗೀಟು ಹಾಕಿದ್ದೇವಲ್ಲ, ಅದೇ. ನಾಲ್ಕು ಅಕ್ಷರದ ಸಾಲಿನಲ್ಲಿ ಎಲ್ಲವೂ ಲಘು 1, ಒಂದು ಗುರು 4, ಎರಡು ಗುರು 6. ಹೆಣ್ಣು ಗಂಡಿನ ಲೆಕ್ಕವೇ ಇದು, ಹೆಸರು ಮಾತ್ರ ಬೇರೆ. ಕರ್ನಾಟಕದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ಸುಮಾರು 850ರಲ್ಲಿ 'ಗಣಿತಸಾರಸಂಗ್ರಹ'ದಲ್ಲಿ, ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾರೆ.

ಅನಾನಸು ಮತ್ತು ಜೇನು

ಚೌಕುಳಿ ಪುಸ್ತಕದಲ್ಲಿ ಮೇಲೆ ಬರೆದಂತೆಯೇ ಎಡಕ್ಕೆ ಒತ್ತಿ ಸಾಲುಗಳನ್ನು ಬರೆಯಿರಿ. ಕೊನೆಯ ಸಾಲಿನ ಮೊದಲ 1ರಿಂದ ಹೊರಟು, ಒಂದು ಸಾಲು ಮೇಲೆ, ಒಂದು ಹೆಜ್ಜೆ ಬಲಕ್ಕೆ ಹೋಗಿ: 3. ಮತ್ತೆ ಹಾಗೆಯೇ ಹೋದರೆ 1. ಓರೆಯಾಗಿ ಕೂಡಿಸಿದರೆ 5. ಪ್ರತಿ ಸಾಲಿನಿಂದಲೂ ಹೀಗೆ ಮಾಡಿದರೆ 1, 1, 2, 3, 5, 8, 13, 21 ಎಂದು ಬರುತ್ತದೆ. ಪ್ರತಿ ಅಂಕಿಯೂ ಅದರ ಹಿಂದಿನ ಎರಡರ ಮೊತ್ತ. ಗುಜರಾತಿನ ಹೇಮಚಂದ್ರ ಸುಮಾರು 1150ರಲ್ಲಿ ಛಂದಸ್ಸಿನಲ್ಲಿ ಈ ಸರಣಿಯನ್ನು ಹೇಳಿದ್ದರು. 1202ರಲ್ಲಿ ಇದನ್ನು ಯುರೋಪಿಗೆ ತಿಳಿಸಿದ ಇಟಲಿಯ ಫಿಬೊನಾಚಿ, ಬಾಲ್ಯದಲ್ಲಿ ಲೆಕ್ಕ ಕಲಿತದ್ದು ಇಂದಿನ ಅಲ್ಜೀರಿಯಾದ ಬಿಜಾಯ ಎಂಬ ಬಂದರಿನಲ್ಲಿ.

ಈ ಸರಣಿ ಮಾರುಕಟ್ಟೆಯಲ್ಲೂ ಸಿಗುತ್ತದೆ. ಮುಂದಿನ ಸಲ ಅನಾನಸು ತಂದಾಗ ಸಿಪ್ಪೆ ತೆಗೆಯುವ ಮೊದಲು ಅದರ ಕಣ್ಣುಗಳು ಸುತ್ತಿಕೊಂಡು ಏರುವ ಸಾಲುಗಳನ್ನು ಎಣಿಸಿ. ಒಂದು ಕಡೆಗೆ ಸಾಮಾನ್ಯವಾಗಿ 8, ಇನ್ನೊಂದು ಕಡೆಗೆ 13. ಎಣಿಸಿದ ಸಾಲಿಗೆ ಮಸಿಯ ಗುರುತು ಹಾಕಿಕೊಳ್ಳಿ, ಇಲ್ಲವಾದರೆ ತಪ್ಪುತ್ತದೆ. ನಾನು ಎರಡು ಹಣ್ಣು ಕೈ ಚುಚ್ಚಿಸಿಕೊಂಡ ಮೇಲೆಯೇ ಇದನ್ನು ಕಲಿತದ್ದು. ಸೂರ್ಯಕಾಂತಿ ಹೂವಿನ ಬೀಜಗಳಲ್ಲಿ 34 ಮತ್ತು 55ರ ಸುರುಳಿಗಳು ಕಾಣಸಿಗುತ್ತವೆ. ಗಿಡಕ್ಕೆ ಅಂಕಿ ಗೊತ್ತಿಲ್ಲ. ಹೊಸ ಮೊಗ್ಗು ಹಳೆಯವುಗಳ ನಡುವೆ ಜಾಗ ಹೆಚ್ಚಿರುವ ಕಡೆ ಮೂಡುತ್ತದೆ. ಹಾಗೆ ಮೂಡುತ್ತಾ ಹೋದಾಗ ಒಂದು ಮೊಗ್ಗಿಗೂ ಮುಂದಿನದಕ್ಕೂ ಸುಮಾರು 137.5 ಡಿಗ್ರಿ ತಿರುವು ಉಂಟಾಗಿ, ಸುರುಳಿಗಳು ತಾವಾಗಿಯೇ ಈ ಸಂಖ್ಯೆಗಳಿಗೆ ಬಂದು ನಿಲ್ಲುತ್ತವೆ.

ಜೇನಿನ ವಂಶ ಇನ್ನೂ ಸೋಜಿಗ. ಗಂಡುಜೇನು ಫಲಿತವಾಗದ ಮೊಟ್ಟೆಯಿಂದ ಹುಟ್ಟುವುದರಿಂದ ಅದಕ್ಕೆ ತಂದೆ ಇಲ್ಲ, ತಾಯಿ ಮಾತ್ರ. ಹೆಣ್ಣುಜೇನಿಗೆ ತಂದೆ ತಾಯಿ ಇಬ್ಬರೂ ಉಂಟು. ಒಂದು ಗಂಡುಜೇನಿನ ಹಿಂದಿನ ತಲೆಮಾರುಗಳನ್ನು ಎಣಿಸಿದರೆ 1, 2, 3, 5, 8 ಎಂದು ಹೋಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಸರಣಿಯಿಂದ ಬರುವ 0.618 ಎಂಬ ಸುವರ್ಣ ಅನುಪಾತದ ಬಗ್ಗೆ ಸಿಕ್ಕಸಿಕ್ಕದ್ದನ್ನೆಲ್ಲ ಬರೆಯುವವರಿದ್ದಾರೆ. ಮಕ್ಕಾ ನಗರ ಭೂಮಿಯ ಸುವರ್ಣ ಬಿಂದುವಿನಲ್ಲಿದೆ ಎಂಬ ವೀಡಿಯೋ ನಮ್ಮ ಮೊಬೈಲುಗಳಲ್ಲಿ ಹತ್ತಾರು ಸಲ ಬಂದಿದೆ. ದಕ್ಷಿಣ ಧ್ರುವದಿಂದ ಉತ್ತರ ಧ್ರುವಕ್ಕೆ ಅಳೆದರೆ ಆ ಅನುಪಾತ ಬೀಳುವುದು ಉತ್ತರಕ್ಕೆ ಸುಮಾರು 21.25 ಡಿಗ್ರಿಯಲ್ಲಿ. ಮಕ್ಕಾ ಇರುವುದು 21.4ರಲ್ಲಿ. ಛತ್ತೀಸ್‌ಗಢದ ರಾಯಪುರ ಅದಕ್ಕಿಂತ ಹತ್ತಿರವಿದೆ! ಸೂರತ್, ನಾಗಪುರಗಳೂ ಅದೇ ಪಟ್ಟಿಯಲ್ಲಿ ಬರುತ್ತವೆ. ಮಕ್ಕಾದ ಗೌರವ ಇಂಥ ಲೆಕ್ಕದ ಮೇಲೆ ನಿಂತದ್ದಲ್ಲ. ಮಕ್ಕಳಿಗೆ ಅರ್ಧ ಸತ್ಯ ಕಲಿಸಿದರೆ, ನಾಳೆ ಅವರು ಭೂಪಟ ತೆರೆದಾಗ ನಾವು ಏನು ಉತ್ತರ ಕೊಡುತ್ತೇವೆ?

ಗರ್ಭಕ್ಕೆ ನೆನಪಿಲ್ಲ

ಮತ್ತೆ ಬಾಣಂತಿಯ ಕೋಣೆಗೆ ಬರೋಣ. ಅತ್ತೆ ಹಾಳೆಯನ್ನು ನೋಡಿದರು, ನಂತರ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಹಾಗಾದರೆ ಐದನೆಯದು ಗಂಡೇ ಆಗಬೇಕಲ್ಲ?"

ಇಲ್ಲ. ಹದಿನಾರರಲ್ಲಿ ಒಂದು ಎನ್ನುವುದು ಮೊದಲ ಹೆರಿಗೆಗೂ ಮುಂಚಿನ ಲೆಕ್ಕ. ನಾಲ್ಕು ಹೆರಿಗೆ ಆಗಿಹೋದ ಮೇಲೆ ಐದನೆಯದಕ್ಕೆ ಮತ್ತೆ ಅದೇ ಅರ್ಧಕ್ಕರ್ಧ. ಹಿಂದೆ ಯಾರು ಹುಟ್ಟಿದರು ಎಂದು ಗರ್ಭ ಬರೆದಿಟ್ಟುಕೊಂಡಿರುವುದಿಲ್ಲ. ಈ ಒಂದು ತಪ್ಪು ಎಣಿಕೆಯಿಂದ ಎಷ್ಟು ತಾಯಂದಿರು ಮೈಯಲ್ಲಿ ರಕ್ತವಿಲ್ಲದೆಯೂ ಮತ್ತೊಂದು, ಮಗದೊಂದು ಹೆರಿಗೆಗೆ ತಲೆಕೊಟ್ಟಿದ್ದಾರೆ! ಇನ್ನು ಕೆಲವರು ಸ್ಕ್ಯಾನಿಂಗ್ ದಾರಿ ಹುಡುಕುತ್ತಾರೆ. ಭ್ರೂಣದ ಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ. ಹೆಣ್ಣುಮಗುವನ್ನು ಹೂಳುತ್ತಿದ್ದ ಕಾಲದ ಬಗ್ಗೆ ನಮ್ಮ ಮನೆಗಳಲ್ಲಿ ಬೇರೆ ಹೇಳಬೇಕಾಗಿಲ್ಲ.

ಹೆಣ್ಣೋ ಗಂಡೋ ಎಂಬುದು ಯಾರ ಕಡೆಯಿಂದ ಬರುತ್ತದೆ? ಇದನ್ನು ಕಂಡುಕೊಂಡವರಲ್ಲಿ ಮೊದಲಿಗರು ಅಮೆರಿಕದ ನೆಟ್ಟಿ ಸ್ಟೀವನ್ಸ್, ಶಾಲಾ ಶಿಕ್ಷಕಿಯಾಗಿದ್ದು ಆಮೇಲೆ ವಿಜ್ಞಾನಿಯಾದ ಮಹಿಳೆ. 1905ರಲ್ಲಿ ಅವರು ಹಿಟ್ಟಿನಲ್ಲಿ ಬೀಳುವ ಒಂದು ಬಗೆಯ ಹುಳುವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಹೆಣ್ಣುಹುಳುವಿನ ಕೋಶದಲ್ಲಿ 20 ದೊಡ್ಡ ವರ್ಣತಂತುಗಳು, ಗಂಡಿನಲ್ಲಿ 19 ದೊಡ್ಡವು, ಒಂದು ಚಿಕ್ಕದು. ಆ ಚಿಕ್ಕದೇ ವೈ. ಮನುಷ್ಯರಲ್ಲೂ ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಮಾತ್ರ. ತಂದೆಯ ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ. ಹಾಗೆಂದು ತಂದೆಯನ್ನು ದೂರುವಂತೆಯೂ ಇಲ್ಲ, ಯಾವುದು ಮುಟ್ಟುತ್ತದೆ ಎಂಬುದು ಅವನ ಕೈಯಲ್ಲಿಲ್ಲ. ಬಾಣಂತಿಯ ಅಕ್ಕನನ್ನು ಎಳೆದು ತಂದವರು ಮಾತ್ರ ತಪ್ಪು ಮನೆಯ ಬಾಗಿಲು ತಟ್ಟಿದ್ದರು.

ಮಗುವಿನ ಬಣ್ಣದ ಬಗ್ಗೆಯೂ ಇಂಥದೇ ಮಾತುಗಳು. ಸ್ವೀಡನ್ನಿನ ನಿಲ್ಸನ್ ಏಲೆ 1909ರಲ್ಲಿ ಗೋಧಿಯ ತಳಿಗಳ ಮೇಲೆ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಜೋಡಿ ಜೀನ್‌ಗಳು ಸೇರಿ ಕಾಳಿನ ಕೆಂಪು ಬಣ್ಣ ನಿರ್ಧರಿಸುವಾಗ ಗಾಢದಿಂದ ಬಿಳಿಯವರೆಗೆ 1, 6, 15, 20, 15, 6, 1ರ ಪಾಲಿನಲ್ಲಿ ಕಾಳುಗಳು ಬರುತ್ತವೆ ಎಂದು ತೋರಿಸಿದರು. ನಮ್ಮ ತ್ರಿಭುಜದ ಆರನೇ ಘಾತದ ಸಾಲು ಇದೇ. ಮನುಷ್ಯನ ಬಣ್ಣಕ್ಕೆ ಇನ್ನೂ ಹೆಚ್ಚು ಜೀನ್‌ಗಳು ಕಾರಣ. ಅದಕ್ಕೇ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಬೆಳ್ಳಗೆ, ಒಬ್ಬಳು ಕಪ್ಪಗೆ.

ರಕ್ತದ ಲೆಕ್ಕ

ಆಸ್ಪತ್ರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ ಎಂದಿದ್ದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೂರು ನಾಲ್ಕು ವಾರಕ್ಕೊಮ್ಮೆ ಗೈರುಹಾಜರಿ. ಥಲಸ್ಸೀಮಿಯ, ರಕ್ತ ಹಾಕಿಸಿಕೊಳ್ಳಲು ಹೋಗುತ್ತಿದ್ದ. ಅವನ ತಾಯಿ ನನ್ನೊಡನೆ ಹೇಳಿದ್ದರು, "ನಾಲ್ಕರಲ್ಲಿ ಒಂದು ಎಂದರು ಟೀಚರೇ. ಒಂದು ಆಗಿಹೋಯಿತಲ್ಲ, ಇನ್ನು ಮೂರಕ್ಕೆ ಭಯವಿಲ್ಲ ಎಂದುಕೊಂಡೆವು." ಎರಡನೆಯ ಮಗುವಿಗೂ ಅದೇ ಕಾಯಿಲೆ ಬಂತು.

ಇಲ್ಲಿ ನಡೆಯುವುದು ತ್ರಿಭುಜದ 1, 2, 1. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆ ದೋಷದ ಜೀನ್ ಒಂದನ್ನು ಹೊತ್ತಿದ್ದರೆ, ಪ್ರತಿ ಮಗುವಿಗೂ ನಾಲ್ಕರಲ್ಲಿ 1 ಪಾಲು ಪೂರ್ಣ ಆರೋಗ್ಯ, 2 ಪಾಲು ವಾಹಕ, 1 ಪಾಲು ಕಾಯಿಲೆ. ಬಟಾಣಿ ಗಿಡಗಳಲ್ಲಿ ಮೆಂಡೆಲ್ 5474 ದುಂಡು ಕಾಳು, 1850 ಸುಕ್ಕು ಕಾಳು ಎಣಿಸಿ 1866ರಲ್ಲಿ ಪ್ರಕಟಿಸಿದ್ದೂ ಇದೇ ನಿಯಮವನ್ನು. ಇಂಥ ದಂಪತಿಗೆ ಮೂರು ಮಕ್ಕಳಾದರೆ? (3+1)ರ ಘನವನ್ನು ಬಿಡಿಸಿ: 27, 27, 9, 1, ಒಟ್ಟು 64. ಇಂಥ 64 ಮನೆಗಳಲ್ಲಿ ಸರಾಸರಿ 27 ಮನೆಗೆ ಕಾಯಿಲೆಯೇ ಬರುವುದಿಲ್ಲ, 27ರಲ್ಲಿ ಒಂದು ಮಗುವಿಗೆ, 9ರಲ್ಲಿ ಇಬ್ಬರಿಗೆ, ಒಂದು ಮನೆಯಲ್ಲಿ ಮೂವರಿಗೂ. ಮೊದಲ ಮಗು ಹೇಗಿದ್ದರೂ ಮುಂದಿನದಕ್ಕೆ ಮತ್ತೆ ನಾಲ್ಕರಲ್ಲಿ ಒಂದೇ.

ಭಾರತದಲ್ಲಿ ನೂರರಲ್ಲಿ ಮೂರು ನಾಲ್ಕು ಮಂದಿ ವಾಹಕರು ಎಂಬ ಅಂದಾಜಿದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರೂ ಒಂದೇ ಅಜ್ಜ ಅಜ್ಜಿಯಿಂದ ಆ ಜೀನ್ ಪಡೆದಿರುವ ಸಾಧ್ಯತೆ ಹೆಚ್ಚು. ಹೆಚ್‌ಬಿ ಎ2 ಎಂಬ ರಕ್ತಪರೀಕ್ಷೆಯಿಂದ ವಾಹಕರನ್ನು ಸಾಮಾನ್ಯವಾಗಿ ಪತ್ತೆ ಹಚ್ಚಬಹುದು. ಇರಾನ್ 1997ರಲ್ಲಿ, ಸೌದಿ ಅರೇಬಿಯ 2004ರಲ್ಲಿ ಮದುವೆಗೆ ಮೊದಲು ಪರೀಕ್ಷೆ ಕಡ್ಡಾಯ ಮಾಡಿದವು. ನಮ್ಮಲ್ಲಿ ನಿಶ್ಚಿತಾರ್ಥಕ್ಕೆ ಚಿನ್ನ ಎಷ್ಟು ಎಂದು ಕೇಳುವುದಕ್ಕೆ ನಾಚಿಕೆಯಿಲ್ಲ, ರಕ್ತಪರೀಕ್ಷೆ ಕೇಳಿದರೆ ಮಾತ್ರ ಹುಡುಗಿಯ ಕಡೆಯವರಿಗೆ ಅವಮಾನವಂತೆ. ಪರೀಕ್ಷೆ ಹುಡುಗನಿಗೂ ಬೇಕು, ಇಬ್ಬರ ಲೆಕ್ಕವೂ ಕೂಡಿದರೆ ಮಾತ್ರ ಉತ್ತರ ಬರುವುದು.

ನಲವತ್ತು ಕಳೆದ ಮೇಲೆ ಆ ಮನೆಗೆ ಮತ್ತೆ ಹೋಗಿದ್ದೆ. ನಾನು ಬರೆದುಕೊಟ್ಟ ಕ್ಯಾಲೆಂಡರಿನ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಅಂಟಿಸಿದ್ದು ಅತ್ತೆಯಂತೆ. ಮಗು ನೋಡಲು ಬಂದವರಿಗೆ ಅವರೇ ಬೆರಳಿಟ್ಟು ತೋರಿಸುತ್ತಿದ್ದರಂತೆ. ಒಂಬತ್ತು ವರ್ಷದ ಹಿರಿಯ ಮಗಳು ಕೆಳಗೆ ಇನ್ನೆರಡು ಸಾಲು ಸೇರಿಸಿದ್ದಳು. ಕೊನೆಯ ಸಾಲಿನ ನಡುವೆ 20ರ ಬದಲು 21 ಎಂದು ಬಿದ್ದಿತ್ತು. ನಾನು ತಿದ್ದಲಿಲ್ಲ. ಸಾಲನ್ನೆಲ್ಲ ಕೂಡಿಸಿ ನೋಡು, 64 ಬರುತ್ತದೆಯೇ ಎಂದು ಕೇಳಿದೆ. ಅವಳು ತಂಗಿಯನ್ನು ಅಜ್ಜಿಯ ಮಡಿಲಿಗೆ ಕೊಟ್ಟು ಪೆನ್ಸಿಲ್ ಹುಡುಕಲು ಓಡಿದಳು.